ಕಿವಿಯೊಳಗಿನ ಮೊರೆತ

ಅಣ್ಣ ಓದುತ್ತಾನೆ, ತಂಗಿ ತಿದ್ದುತ್ತಾಳೆ. ಮುದ್ರಣಾಲಯದ ಮೇಲಿನ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಇಬ್ಬರಿಗೂ ಇದೇ ಕೆಲಸ. ಅವನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಿದರೆ, ಎದುರು ಕೂತ ಅವಳು ಕರಡಿನ ಮೇಲೆ ಕೆಂಪು ಪೆನ್ನು ಆಡಿಸುತ್ತಾಳೆ.

ಈ ಸಲ ಬಂದದ್ದು, ಸಾವಿನ ಬಗ್ಗೆ ಪುರಾತನ ಗ್ರಂಥಗಳು ಹೇಳಿದ್ದನ್ನೆಲ್ಲ ಒಟ್ಟುಮಾಡಿದ ದಪ್ಪ ಪುಸ್ತಕ. ಆಯಸ್ಸು ತುಂಬಿ ಬರುವ ಸಾವು ಒಂದು. ಎಣ್ಣೆಯಿದ್ದೂ ಗಾಳಿಗೆ ದೀಪ ಆರಿದಂತೆ ನಡುವೆಯೇ ಎರಗುವ ಅಪಮೃತ್ಯು ಇನ್ನೊಂದು. ಅದಕ್ಕೂ ಮುನ್ಸೂಚನೆಗಳಿವೆಯಂತೆ. ಎರಡೂ ಕಿವಿ ಮುಚ್ಚಿಕೊಂಡಾಗ ಒಳಗಿನ ಬೆಂಕಿಯ ಮೊರೆತ ಕೇಳಿಸದಿದ್ದರೆ ಕಾಲ ಹತ್ತಿರ ಬಂತೆಂದೇ ಅರ್ಥ.

ಅಣ್ಣ ತಮಾಷೆಗೆ ಕಿವಿಗಳಿಗೆ ಬೆರಳು ತುರುಕಿಕೊಂಡ. ನೋಡನೋಡುತ್ತಿದ್ದಂತೆ ಅವನ ನಗು ಇಳಿದುಹೋಯಿತು.

"ಏನೂ ಕೇಳಿಸ್ತಿಲ್ಲ ಕಣೇ."

"ಸುಮ್ನೆ ಹೆದರಿಸ್ಬೇಡ."

"ನಿನ್ನಾಣೆ. ನೀನೊಂದ್ಸಲ ಮುಚ್ಕೊಂಡು ನೋಡು."

ಅವಳ ತಲೆಯ ತುಂಬ ಒಲೆ ಧಗಧಗ ಉರಿದಂಥ ಸದ್ದು. ಅಪ್ಪ ಹೋದದ್ದು ಐವತ್ತೆರಡಕ್ಕೆ. ಷೂ ಲೇಸು ಕಟ್ಟಲು ಬಗ್ಗಿದವರು ಮತ್ತೆ ಏಳಲಿಲ್ಲ. ಅಣ್ಣನಿಗೆ ಮೊನ್ನೆಯಷ್ಟೇ ಐವತ್ತೆರಡು ತುಂಬಿತ್ತು.

"ನಂಗೂ ಇಲ್ಲ," ಎಂದಳು. "ಎಲ್ಲಾ ಬೊಗಳೆ. ಮುಂದೆ ಓದು."

ಅವನು ಓದಿದ. ಅವಳ ಕಿವಿಗೆ ಒಂದಕ್ಷರವೂ ಬೀಳಲಿಲ್ಲ. ಕಣ್ಣೆಲ್ಲ ಅವನ ಕತ್ತಿನ ನರದ ಮೇಲೇ. ಎರಡು ಪುಟ ಮುಗಿದ ಮೇಲೆ ಅವನು ಮೇಲಿನ ಕಪಾಟಿನ ಕಟ್ಟು ತರಲೆಂದು ಏಣಿ ಹತ್ತಿದ. ಮೂರನೆಯ ಮೆಟ್ಟಿಲಲ್ಲಿ ನಿಂತು ಏಣಿಯನ್ನು ಅವುಚಿ ಹಿಡಿದುಕೊಂಡ.

"ಅಣ್ಣಾ, ಇಳಿ! ಇಳಿ ಅಂದೆ!" ಅವಳು ಕಿರುಚಿಕೊಂಡಳು. ಅವನು ಇಳಿದು ಬಂದ ಮೇಲೆ ಅಳುತ್ತಾ ಹೇಳಿದಳು: "ಸುಳ್ಳು ಹೇಳ್ದೆ ಕಣೋ. ನಂಗೆ ಕೇಳಿಸ್ತು."

"ಗೊತ್ತಾಯ್ತು ಬಿಡು. ನಿನ್ನ ಮುಖಾನೇ ಹೇಳ್ತಿತ್ತು." ಅವನು ಕುರ್ಚಿಗೆ ಕುಸಿದ. "ಎರಡು ವಾರದಿಂದ ಮೆಟ್ಟಿಲು ಹತ್ತಿದ್ರೆ ಎದೆ ಹಿಂಡಿದ ಹಾಗಾಗತ್ತೆ. ಮನೇಲೂ ಹೇಳಿಲ್ಲ."

"ಹೇಳೋಕೆ ಏನು ರೋಗ ನಿಂಗೆ?" ಎಂದವಳೇ ಅವನ ತೋಳು ಹಿಡಿದು ಹೊರಟಳು. ಕೆಳಗಿಳಿಯುವಾಗ ಒಂದೊಂದು ಮೆಟ್ಟಿಲಿಗೂ ಅವಳ ಜೀವ ಬಾಯಿಗೆ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಇಸಿಜಿಯ ಕಾಗದವನ್ನು ಎರಡು ಸಲ ನೋಡಿದರು. ಎದ್ದು ಹೋಗಿ ಸ್ಟ್ರೆಚರ್ ತರಿಸಿದರು. ರಕ್ತನಾಳ ಮೂರು ಕಡೆ ಕಟ್ಟಿಕೊಂಡಿತ್ತು. ಕಿವಿಯ ವಿಷಯ ತೆಗೆದದ್ದಕ್ಕೆ, "ಅದಕ್ಕೂ ಇದಕ್ಕೂ ಏನಮ್ಮಾ ಸಂಬಂಧ?" ಎಂದು ರೇಗಿದರು.

ಆಪರೇಷನ್ ಆಯಿತು. ಎರಡು ತಿಂಗಳಿಗೆ ಅಣ್ಣ ಕೆಲಸಕ್ಕೆ ಮರಳಿದ, ಹಸ್ತಪ್ರತಿ ಎತ್ತಿಕೊಂಡ. ಇನ್ನೊಮ್ಮೆ ಕಿವಿ ಮುಚ್ಚಿ ನೋಡು ಎನ್ನುವ ಧೈರ್ಯ ತಂಗಿಗೆ ಇವತ್ತಿಗೂ ಬಂದಿಲ್ಲ. ವಾಕ್ಯದ ನಡುವೆ ಅವನು ಉಸಿರಿಗೆಂದು ನಿಂತರೂ ಸಾಕು, ಅವಳ ಕಣ್ಣು ಕರಡು ಬಿಟ್ಟು ಅವನ ಕತ್ತಿನ ನರಕ್ಕೆ ಹೋಗುತ್ತದೆ.