ತಣ್ಣಗಾಗದ ಖೋಲಿ

ಗೋಕಾಕದಲ್ಲಿ ಎಸಿ, ಫ್ರಿಜ್ಜು ರಿಪೇರಿ ಮಾಡುವ ರಮೀಜನಿಗೆ ಆ ಮೇ ತಿಂಗಳಲ್ಲಿ ಊಟಕ್ಕೂ ಪುರಸೊತ್ತಿರಲಿಲ್ಲ. ಆದರೂ ಅರಭಾವಿಯ ದಾಕ್ಷಾಯಿಣಿ ಮೂರನೆಯ ಸಲ ಫೋನ್ ಮಾಡಿದಾಗ ಇಲ್ಲವೆನ್ನಲು ಮನಸ್ಸಾಗದೆ, ರವಿವಾರ ಮುಂಜಾನೆ ಗಾಡಿಗೆ ಚೀಲ ಬಿಗಿದುಕೊಂಡು ಹೊರಟ.

ದಾಕ್ಷಾಯಿಣಿ ತೋಟಗಾರಿಕೆ ಕಾಲೇಜಿನ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಗಂಡ ಸೋಮಶೇಖರ ಕೊರೊನಾದ ಎರಡನೆಯ ಅಲೆಯಲ್ಲಿ ತೀರಿಕೊಂಡಿದ್ದ. ಈಗ ಮನೆಯಲ್ಲಿ ಅವಳು ಮತ್ತು ಅತ್ತೆ ತಾಯವ್ವ, ಇಬ್ಬರೇ.

"ಬ್ಯಾರೆಯವರು ಎರಡ ಸಲ ಬಂದ ಗ್ಯಾಸ್ ತುಂಬಿ ಹೋದ್ರು ರಮೀಜಭಾಯಿ. ನಾಕಕ್ಕ ಕಾಲೇಜಿನಿಂದ ಬಂದ ಹಚ್ಚತೇನಿ. ಗಾಳಿ ಬರತೈತಿ, ಖೋಲಿ ಮಾತ್ರ ಥಂಡ ಆಗವಲ್ದು."

ರಮೀಜ ಎಸಿಯ ಜಾಳಿಗೆ ಬಿಚ್ಚಿ ನೋಡಿದ. ಧೂಳಿರಲಿಲ್ಲ. ಹೊರಗಿನ ಯಂತ್ರದ ಫ್ಯಾನು ಸರಿಯಾಗಿ ತಿರುಗುತ್ತಿತ್ತು, ಗ್ಯಾಸಿನ ಒತ್ತಡವೂ ಇರಬೇಕಾದಷ್ಟೇ ಇತ್ತು. ಎಸಿ ಹಚ್ಚಿ ಅರ್ಧ ತಾಸು ಕಾದ. ಖೋಲಿ ಎಷ್ಟು ತಂಪಾಯಿತೆಂದರೆ, ಮೂಲೆಯ ಕುರ್ಚಿಯಲ್ಲಿದ್ದ ತಾಯವ್ವ ಸೆರಗು ಹೊದ್ದುಕೊಂಡು ಎದ್ದು ಹೋದಳು.

"ಮಿಷನ್ನಿಗೆ ಏನೂ ಆಗಿಲ್ರಿ ಅಕ್ಕಾರ."

"ಇನ್ನೊಮ್ಮೆ ನೋಡ್ರಿ. ಏನರ ಇರಬೇಕು," ಎಂದಳು ದಾಕ್ಷಾಯಿಣಿ. ದೂರುವವರ ದನಿ ಅದಾಗಿರಲಿಲ್ಲ, ಬೇಡುವವರ ದನಿಯಾಗಿತ್ತು. ರಮೀಜ ಅವಳ ಸಮಾಧಾನಕ್ಕೆ ಇನ್ನೊಮ್ಮೆ ಎಲ್ಲವನ್ನೂ ನೋಡಿದ. ದೋಷ ಸಿಗಲಿಲ್ಲ.

ಮಂಗಳವಾರ ಸಂಜೆ ಮತ್ತೆ ಫೋನ್ ಬಂತು. ಖೋಲಿ ಮತ್ತೆ ಕಾದ ಹಂಚಿನಂತಾಗಿದೆಯಂತೆ. ನೀವು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಬಂದು ನೋಡುತ್ತೇನೆ ಎಂದ ರಮೀಜ. ಕೀಲಿ ಬಾಜೂ ಮನೆಯಲ್ಲಿ ಇಟ್ಟಿರುತ್ತೇನೆ, ಅತ್ತೆ ಮಧ್ಯಾಹ್ನ ಮಠಕ್ಕೆ ಹೋಗಿರುತ್ತಾರೆ, ಮನೆಯಲ್ಲಿ ಯಾರೂ ಇರುವುದಿಲ್ಲ ಎಂದಳು ಅವಳು.

ಬುಧವಾರ ಎರಡೂವರೆಗೆ ಅವನು ಮುಂಬಾಗಿಲು ತೆರೆದು ಒಳಗೆ ಬಂದ. ಖೋಲಿಗೆ ಪಡುವಣ ದಿಕ್ಕಿಗೆ ಒಂದೇ ಕಿಟಕಿ, ಅದಕ್ಕೆ ದಪ್ಪ ಪರದೆ. ಪರದೆ ಸರಿಸಿ ನೋಡಿದ. ಕಟ್ಟಿಗೆಯ ಎರಡೂ ಕದಗಳು ಮುಚ್ಚಿದ್ದವು, ಚಿಲಕ ಬಿದ್ದಿತ್ತು. ಎಸಿ ಹಚ್ಚಿ ಮೇಜಿನ ಮೇಲೆ ಥರ್ಮಾಮೀಟರ್ ಇಟ್ಟ. ಮೂವತ್ನಾಲ್ಕರಿಂದ ಸುರುವಾದದ್ದು ಇಪ್ಪತ್ತೆಂಟಕ್ಕೆ ಇಳಿಯಿತು. ಬಂದದ್ದಕ್ಕೆ ಹೊರಗಿನ ಯಂತ್ರವನ್ನಾದರೂ ತೊಳೆಯೋಣವೆಂದು ಮುಂಬಾಗಿಲಿಗೆ ಕೀಲಿ ಹಾಕಿ ಮನೆಯ ಬದಿಗೆ ಹೋಗಿ, ಏಣಿ ಹಾಕಿಕೊಂಡು ಹತ್ತಿದ.

ಆ ಯಂತ್ರ ಕಿಟಕಿಯ ಪಕ್ಕದಲ್ಲೇ, ಸ್ವಲ್ಪ ಮೇಲಕ್ಕೆ ಇತ್ತು. ಬಿಸಿಲಿಗೆ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಯಂತ್ರ ಬಂದ್ ಮಾಡದೆ ಅದರ ಬೆನ್ನಿಗೆ ಅಂಟಿದ್ದ ಕಸವನ್ನು ಬ್ರಷ್‌ನಿಂದ ಉಜ್ಜುತ್ತಿದ್ದಾಗ ಒಳಗೆ ಚಿಲಕ ಸರಿದ ಸಪ್ಪಳ ಕೇಳಿತು.

ಅವನ ಕೈ ನಿಂತಿತು. ಕಿಟಕಿಯ ಒಂದು ಕದ ಮೆಲ್ಲಗೆ ಹೊರಕ್ಕೆ ತೆರೆದುಕೊಂಡಿತು, ಆಮೇಲೆ ಇನ್ನೊಂದು. ಆ ಉರಿಬಿಸಿಲಿನಲ್ಲಿ ತಣ್ಣನೆಯ ಗಾಳಿ ಅವನ ಮುಖಕ್ಕೆ ಬಡಿಯಿತು. ಪರದೆಯ ಸಂದಿಯಿಂದ ಬಂದ ಒಂದು ಕೈ ಕದಕ್ಕೆ ಕೊಂಡಿ ಹಾಕಿ ಒಳಗೆ ಹೋಯಿತು. ಬಡಕಲು ಕೈ, ನೀಲಿ ನರಗಳು. ಮುಂಬಾಗಿಲ ಕೀಲಿ ಅವನ ಜೇಬಿನಲ್ಲೇ ಇತ್ತು. ಅವನು ಏಣಿ ಇಳಿದು, ಬಾಗಿಲು ತೆರೆದು ಒಳಗೆ ಓಡಿದ.

ಒಳಗೆ ಮಂಚದ ತುದಿಗೆ ತಾಯವ್ವ ಕುಳಿತಿದ್ದಳು. ಹಿತ್ತಲ ಬಾಗಿಲಿನ ಕೀಲಿ ಅವಳ ಸೊಂಟದಲ್ಲಿತ್ತು.

"ಯವ್ವಾ, ನೀವೇನು?" ಎಂದ ರಮೀಜ.

ಅವಳು ಬೆಚ್ಚಲಿಲ್ಲ. "ಕಡೀ ದಿನ ನನ್ನ ಮಗಾ ಇದ ಮಂಚದ ಮ್ಯಾಲ ಮಲಗಿ ಕಿಡಕಿ ತೆಗೀರಿ, ಉಸರ ಸಾಲವಲ್ದು ಅಂತಿದ್ದ," ಎಂದಳು. "ನಾ ಬಾಗಲದಾಗ ನಿಂತಿದ್ದೆ. ರೋಗ ಹತ್ತತೈತಿ ಅಂತ ನನ್ನ ಒಳಗ ಬಿಡಲಿಲ್ಲ. ಮೂರರ ಸುಮಾರಿಗೆ ಹ್ವಾದ. ಈಗೂ ಮೂರಾತಂದ್ರ ಅಂವ ಕರದಂಗ ಆಕ್ಕೈತಿ. ಬಂದ ತೆಗದ ಹೋಗತೇನಿ. ಮಠದಾಗ ಕುಂತರೂ ಕಿವ್ಯಾಗ ಅದ."

"ಅಕ್ಕಾರಿಗೆ ಗೊತ್ತೈತೇನು?"

"ಅಕಿಗೆ ಹೇಳಬ್ಯಾಡಪಾ. ನೊಂದ ಜೀವ."

ಮೇಜಿನ ಮೇಲೆ ಥರ್ಮಾಮೀಟರಿನ ಅಂಕಿ ಏರುತ್ತಿತ್ತು. ಹಿಂದೆ ಯಾರೋ ಉಸಿರೆಳೆದಂತಾಗಿ ರಮೀಜ ತಿರುಗಿದರೆ ಬಾಗಿಲಲ್ಲಿ ದಾಕ್ಷಾಯಿಣಿ. ರಮೀಜ ಬರುತ್ತಾನೆಂದು ಅವಳು ಬೇಗನೆ ಹೊರಟು ಬಂದಿದ್ದಳು. ಅತ್ತೆಯ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳೆಂಬುದು ಮುಖ ನೋಡಿದರೇ ತಿಳಿಯುತ್ತಿತ್ತು.

"ಅವತ್ತ ಮುಚ್ಚಿದಾಕಿ ನಾನ," ಎಂದಳು ಅವಳು ಅತ್ತೆಗೆ. "ನೀವು ಬಾಗಲಕ್ಕ ಬರೂ ಮೊದಲ ಅವರು ತೆಗಿ ಅಂದ್ರು. ಎಸಿ ಹಚ್ಚೇನಿ, ಥಂಡಿ ಹೊರಗ ಹೋಕ್ಕೈತಿ ಅಂದೆ. ನಿಮಗ ಇದನ್ನ ಎಂದೂ ಹೇಳಿರಲಿಲ್ಲ."

ತಾಯವ್ವ ಸೊಸೆಯನ್ನೇ ನೋಡುತ್ತ ಕುಳಿತಳು.

"ದಿನಾ ಮುಂಜಾನಿ ನಾನ ಮುಚ್ಚಿ ಚಿಲಕ ಹಾಕಿ ಹೋಗತೇನಿ. ಸಂಜೀಕ ಬಂದ ನೋಡಿದ್ರ ತೆಗದಿರತೈತಿ. ಅವರ ಬಂದ ಹೋಗ್ಯಾರ ಅಂತ ತಿಳಕೊಂಡಿದ್ದೆ. ತಿರುಗಿ ಮುಚ್ಚಾಕ ಕೈ ಏಳತಿರಲಿಲ್ಲ. ಹಂಗ ಬಿಟ್ಟ ಎಸಿ ಹಚ್ಚತಿದ್ದೆ." ಅವಳು ರಮೀಜನತ್ತ ತಿರುಗಿದಳು. "ಮಿಷನ್ ಕೆಟ್ಟೈತಿ ಅಂತ ಯಾರರ ಒಬ್ಬರು ಹೇಳಿದ್ರ ಸಾಕಿತ್ತು ನನಗ. ನಿಮಗ ಸುಳ್ಳ ಹೇಳಿ ತ್ರಾಸ ಕೊಟ್ಟೆ."

"ಇರಲಿ ಬಿಡ್ರಿ ಅಕ್ಕಾರ," ಎಂದ ರಮೀಜ.

ತಾಯವ್ವ ಕೈಚಾಚಿ ಸೊಸೆಯನ್ನು ಮಂಚಕ್ಕೆ ಕರೆದಳು. ದಾಕ್ಷಾಯಿಣಿ ಹೋಗಿ ಕುಳಿತಳು. ಇಬ್ಬರೂ ಅಳಲಿಲ್ಲ. ಇಲ್ಲಿಗೆ ಮುಗಿಯಿತೆಂದುಕೊಂಡು ರಮೀಜ ಚೀಲಕ್ಕೆ ಕೈ ಹಾಕಿದ. ಆಗ ದಾಕ್ಷಾಯಿಣಿ ಏನೋ ನೆನಪಾದವಳಂತೆ ತಲೆ ಎತ್ತಿದಳು.

"ಅತ್ತಿ, ಯುಗಾದಿ ಹಿಂದ ನೀವು ಎಂಟ ದಿನ ಹುಕ್ಕೇರಿಗೆ ಹೋಗಿದ್ರಿ. ಮಗಳ ಮನಿಗೆ."

"ಹೂಂ. ಅಕಿಗೆ ಆರಾಮ ಇರಲಿಲ್ಲ."

"ಆ ಎಂಟೂ ದಿನ ಮುಂಜಾನಿ ಮುಚ್ಚಿ ಹ್ವಾದ್ರೂ ಸಂಜೀಕ ಕಿಡಕಿ ತೆಗದ ಇತ್ತು."

ರಮೀಜ ಕಿಟಕಿಯ ಹತ್ತಿರ ಹೋಗಿ ಕದ ಎಳೆದುಕೊಂಡು ಚಿಲಕ ಹಾಕಿದ. ತಿರುಗಿ ತೆಗೆಯಲು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಬೇಕಾಯಿತು. ಹೊರಗಿನಿಂದ ತೆಗೆಯುವಂತೆಯೇ ಇರಲಿಲ್ಲ.

"ಗಾಳಿಗೆ ತೆಗದಿರಬೇಕ್ರಿ," ಎಂದ. ತಾನು ಆಡುತ್ತಿರುವುದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಅವರಿಬ್ಬರಿಗೂ ಗೊತ್ತಿತ್ತು.

"ಇದನ್ನ ಇಲ್ಲಿಂದ ಬಿಚ್ಚಿ ಪಡಸಾಲಿಗೆ ಹಾಕಿಬಿಡ್ರಿ," ಎಂದಳು ತಾಯವ್ವ ಕೊನೆಗೆ. "ಈ ಖೋಲಿಗೆ ಬ್ಯಾಡ."

ಮುಂದಿನ ರವಿವಾರ ರಮೀಜ ಎಸಿ ಬಿಚ್ಚಿ ಪಡಸಾಲೆಗೆ ಹಾಕಿಕೊಟ್ಟ, ಗೋಡೆಯ ತೂತಿಗೆ ಸಿಮೆಂಟು ಮೆತ್ತಿದ. ಅವನು ಕೆಲಸ ಮಾಡುವಷ್ಟು ಹೊತ್ತೂ ಖೋಲಿಯ ಕಿಟಕಿ ತೆರೆದೇ ಇತ್ತು. ಇವತ್ತು ಇದನ್ನು ಯಾರು ತೆರೆದರು ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಸ್ಕ್ರೂ ಬಿಚ್ಚುವಾಗ ಬೆನ್ನ ಹಿಂದೆ ಮಂಚದ ಮೇಲೆ ಯಾರೋ ಮಲಗಿದ್ದಾರೆನಿಸುತ್ತಿತ್ತು. ಎರಡು ಸಲ ತಿರುಗಿ ನೋಡಿದ. ಮಡಚಿಟ್ಟ ಕೌದಿ ಬಿಟ್ಟರೆ ಏನೂ ಇರಲಿಲ್ಲ.

ಜೂನಿನಲ್ಲಿ ಮೊದಲ ಮಳೆ ಹೊಯ್ದ ಮರುದಿನ ದಾಕ್ಷಾಯಿಣಿ ಫೋನ್ ಮಾಡಿದಳು. ಪಡಸಾಲೆಯಲ್ಲಿ ಎಸಿ ಚೆನ್ನಾಗಿ ನಡೆಯುತ್ತಿದೆ, ತಾನೂ ಅತ್ತೆಯೂ ಈಗ ಅಲ್ಲೇ ಮಲಗುತ್ತೇವೆ ಎಂದಳು. ಖೋಲಿಯ ಕಿಟಕಿಯಿಂದ ಎರಚಲು ಬಡಿದು ಗಾದಿ ತೊಯ್ದಿತ್ತಂತೆ.

"ಕಿಡಕಿ ಮುಚ್ಚಿದ್ರೇನ್ರಿ ಅಕ್ಕಾರ?" ಎಂದು ಕೇಳಿದ ರಮೀಜ.

"ಇಲ್ರಿ," ಎಂದಳು. "ಮಂಚ ಸರಿಸಿದ್ವಿ."