ವರ್ನೀಟಾಳ ಅಕ್ಕಚ್ಚು

ಮಗಳು ಬರುವುದು ಶನಿವಾರ. ಅಷ್ಟರೊಳಗೆ ಮುಖ ಸರಿಹೋಗಲೇಬೇಕು ಎಂದು ವರ್ನೀಟಾ ಹಟ ಹಿಡಿದು ಕೂತಳು.

ಹಟಕ್ಕೆ ಕಾರಣವಿತ್ತು. ಹೋದ ಸಲ ಜೈಲಿನ ಭೇಟಿ ಕೋಣೆಯಲ್ಲಿ ಐದು ವರ್ಷದ ಜೂನಿ ಅಮ್ಮನ ಮುಖ ನೋಡಿದವಳೇ ಅಜ್ಜಿಯ ಕೋಟಿನ ಹಿಂದೆ ಅವಿತುಕೊಂಡಿದ್ದಳು. "ಇದು ನಮ್ಮಮ್ಮ ಅಲ್ಲ" ಎಂದು ಗೋಳೋ ಎಂದು ಅತ್ತಿದ್ದಳು. ಜೈಲಿನವರು ಕೊಡುವ ಆ ಹಾಳು ಸೋಪು! ನೆಲ ತೊಳೆಯುವುದಕ್ಕೂ ಲಾಯಕ್ಕಿಲ್ಲದ್ದು. ಅದನ್ನೇ ಉಜ್ಜಿ ಉಜ್ಜಿ ವರ್ನೀಟಾಳ ಹಣೆ ತುಂಬ ಮೊಡವೆ ಎದ್ದಿತ್ತು, ಕೆನ್ನೆ ಸುಲಿದು ಕೆಂಪಾಗಿತ್ತು. ಹೆತ್ತ ಮಗಳೇ ಗುರುತು ಹಿಡಿಯದಿದ್ದರೆ ಆ ಸಂಕಟ ಯಾರಿಗೆ ಹೇಳುವುದು?

ಪಕ್ಕದ ಮಂಚದ ಓಪಲ್ ಮುದುಕಿ ಹೊರಗಿದ್ದಾಗ ಬ್ಯೂಟಿ ಪಾರ್ಲರ್ ನಡೆಸಿದವಳು. ಬೆಳಿಗ್ಗೆ ಎದ್ದ ಕೂಡಲೇ ವರ್ನೀಟಾಳ ಮುಖಕ್ಕೆ ತೆಳು ಕಾಗದ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ನಿಂದು ಎರಡು ಬಗೆ ಚರ್ಮ ಕಣೇ. ಹಣೆ, ಮೂಗು ಎಣ್ಣೆ. ಕೆನ್ನೆ ಒಣಕಲು. ಹಣೆಗೆ ತಣ್ಣಗಾದ ಗ್ರೀನ್ ಟೀ ಒತ್ತು. ಕೆನ್ನೆಗೆ ಅಕ್ಕಿ ತೊಳೆದ ಅಕ್ಕಚ್ಚು. ಅವತ್ತಿಂದು ಅವತ್ತೇ ಮಾಡ್ಕೋ, ಮಿಕ್ಕಿದ್ದು ಚೆಲ್ಲು."

"ಹುಳಿ ಬಂದ್ರೆ ಇನ್ನೂ ಚೆನ್ನಾಗಿ ಹಿಡಿಯುತ್ತಂತಲ್ಲ?"

"ಯಾವಳೇ ಹೇಳಿದ್ದು? ನನ್ನಂಥ ಎಮ್ಮೆ ಚರ್ಮಕ್ಕಾದ್ರೆ ಸೈ. ಸುಲಿದ ಕೆನ್ನೆಗೆ ಅದು ಬೆಂಕಿ!"

ಹೇಳಿದ ಮಾತು ಕೇಳುವ ಜಾಯಮಾನವೇ ಅವಳದು? ಮೊದಮೊದಲು ಹೇಳಿದ ಹಾಗೆಯೇ ಕ್ಯಾಂಟೀನಿನ ಅಕ್ಕಿ ತೊಳೆದು ದಿನಾ ಹಚ್ಚಿದಳು. ಕೆನ್ನೆಯ ಉರಿ ಇಳಿಯಿತು, ಸಿಪ್ಪೆ ಏಳುವುದು ನಿಂತಿತು. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಶನಿವಾರ ಹತ್ತಿರ ಬಂದಂತೆ ಆಸೆ ಹೆಚ್ಚಾಯಿತು. ಓಪಲ್‌ಗೆ ಕಾಣದಂತೆ ಒಂದಿಷ್ಟು ಅಕ್ಕಚ್ಚನ್ನು ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಬೇಗ ಹುಳಿ ಬರಲೆಂದು ಮಂಚದಡಿಯ ಬಿಸಿನೀರಿನ ಕೊಳವೆಗೆ ಒರಗಿಸಿಟ್ಟಳು.

ಶುಕ್ರವಾರ ಮಧ್ಯಾಹ್ನ ತಪಾಸಣೆ. ಆಫೀಸರ್ ಹಾಸ್ಕೆಲ್ ಮಂಚದಡಿ ಕೈಹಾಕಿ ಡಬ್ಬಿ ಎಳೆದಳು. ಮುಚ್ಚಳ ತಿರುಗಿಸಿದಳೋ ಇಲ್ಲವೋ, ಬುಸ್ಸೆಂದಿತು.

"ಏನಮ್ಮಾ, ಹೆಂಡ ಮಾಡ್ತಿದ್ದೀಯಾ?"

"ಅಯ್ಯೋ ಇಲ್ಲ ಮೇಡಂ! ಮುಖಕ್ಕೆ ಹಚ್ಚೋ ನೀರು."

"ಹೌದೌದು. ಹೋದ ತಿಂಗಳು ಒಬ್ಬಳು ತಲೆಗೆ ಹಚ್ಚೋ ಎಣ್ಣೆ ಅಂದಿದ್ಲು. ಕುಡಿದು ತೂರಾಡ್ತಿದ್ಲು. ನಡಿ, ರಿಪೋರ್ಟ್ ಬರೀತೀನಿ. ನಾಳೆಯಿಂದ ಭೇಟಿ ಬಂದ್."

ವರ್ನೀಟಾಳಿಗೆ ಜೀವವೇ ಬಾಯಿಗೆ ಬಂತು. ಮಗಳು ಬಂದು ಬಾಗಿಲಿನಿಂದಲೇ ವಾಪಸ್ಸು ಹೋಗುವುದೇ?

"ಕೊಡಿ ಇಲ್ಲಿ. ಹಚ್ಚಿ ತೋರಿಸ್ತೀನಿ."

"ಬೇಡ ಕಣೇ!" ಓಪಲ್ ಕೂಗಿದಳು.

ವರ್ನೀಟಾ ಟವೆಲ್ಲಿನ ತುದಿ ಅದ್ದಿ ಕೆನ್ನೆಗೆ ಒತ್ತಿದಳು. ಕೆಂಡ ಇಟ್ಟ ಹಾಗಾಯಿತು. ಕಣ್ಣು ಪಿಳುಕಿಸಲಿಲ್ಲ. ಇನ್ನೊಂದು ಕೆನ್ನೆಗೂ ಒತ್ತಿ, ಅನುಮಾನವೇ ಉಳಿಯಬಾರದೆಂದು ಮತ್ತೊಮ್ಮೆ ಅದ್ದಿ ಉಜ್ಜಿದಳು. ನೋವಿಗೆ ಹಲ್ಲು ಕಚ್ಚಿಕೊಂಡೇ ಹಾಸ್ಕೆಲ್‌ಳ ಮುಖ ನೋಡುತ್ತಿದ್ದಳು.

ಹಾಸ್ಕೆಲ್ ಡಬ್ಬಿಯನ್ನು ಇನ್ನೊಮ್ಮೆ ಮೂಸಿದಳು. "ಹೆಂಡ ಆಗಿದ್ರೆ ಹೀಗೆ ದಂಡ ಮಾಡ್ತಿರ್ಲಿಲ್ಲ ಬಿಡು" ಎಂದು ಎಲ್ಲವನ್ನೂ ಸಿಂಕಿಗೆ ಸುರಿದು ಹೋದಳು. ರಿಪೋರ್ಟ್ ಬರೆಯಲಿಲ್ಲ.

ಶನಿವಾರ ಬೆಳಿಗ್ಗೆ ಮುಖ ಬೇಯಿಸಿದ ಬೀಟ್‌ರೂಟಿನಂತಾಗಿತ್ತು. ಹೋದ ಸಲಕ್ಕಿಂತಲೂ ಕಡೆ. ಓಪಲ್ ಬೈಯುತ್ತಲೇ ತಣ್ಣೀರು ಬಟ್ಟೆ ಒತ್ತಿದಳು.

"ಮಂಕೇ, ಬರೋದು ಬೇಡ ಅಂತ ನಿಮ್ಮಮ್ಮಂಗೆ ಫೋನ್ ಮಾಡು. ಮಗು ಹೆದರುತ್ತೆ."

"ಅಳ್ಲಿ, ಅವಿತ್ಕೊಳ್ಲಿ. ನಾನಂತೂ ಹೋಗ್ತೀನಿ" ಎಂದಳು ವರ್ನೀಟಾ.

ಭೇಟಿ ಕೋಣೆಯಲ್ಲಿ ಜೂನಿ ಅಜ್ಜಿಯ ಕೋಟಿನ ಹಿಂದೆಯೇ ಇದ್ದಳು. ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ವರ್ನೀಟಾ ಮುಖ ಮುಚ್ಚಿಕೊಳ್ಳಲಿಲ್ಲ, ತಲೆ ತಗ್ಗಿಸಲಿಲ್ಲ, ಬಾ ಎಂದೂ ಗೋಗರೆಯಲಿಲ್ಲ. ಎದುರಿಗೆ ಮಂಡಿಯೂರಿ ಕೂತಳು.

"ಉರೀತಿದ್ಯಾ?" ಕೋಟಿನ ಹಿಂದಿನಿಂದ ಸಣ್ಣ ದನಿ ಬಂತು.

"ಹೂಂ ಕಂದಾ. ತುಂಬಾ."

ಮಗು ಹೊರಗೆ ಬಂದಿತು. ಹತ್ತಿರ ಬಂದು, ಮೊಣಕಾಲು ತರಚಿದಾಗಲೆಲ್ಲ ಅಮ್ಮ ಊದುತ್ತಿದ್ದ ಹಾಗೆಯೇ, ಗಲ್ಲ ಉಬ್ಬಿಸಿಕೊಂಡು ಆ ಕೆಂಪು ಕೆನ್ನೆಗೆ ಉಫ್ ಉಫ್ ಎಂದು ಊದಿತು.

"ಆ ಕಡೇದೂ ಊದ್ತೀನಿ," ಎಂದಳು ಜೂನಿ. "ತಿರುಗು ಅಮ್ಮಾ."