ಪ್ಲೇಟಿಗೆ ಅಂಟದ ಅಯಸ್ಕಾಂತ

ರಾಜಕೋಟದಲ್ಲಿ ಮಧ್ಯಾಹ್ನ ಒಂದಕ್ಕೆ ಎಳೆದ ಅಂಗಡಿಯ ಬಾಗಿಲು ನಾಲ್ಕರವರೆಗೆ ಏಳುವುದಿಲ್ಲ. ಮಾವ್‌ಜಿಭಾಯಿಯ ಡ್ರಿಲ್ ಬಿಟ್ ತುದಿ ಸುಟ್ಟು ನೀಲಿಯಾದದ್ದು ಒಂದೂ ಹತ್ತಕ್ಕೆ.

ಮೋರ್ಬಿಯ ಕಾರ್ಖಾನೆಯೊಂದರ ಕಲ್ಲು ಪುಡಿಮಾಡುವ ಯಂತ್ರದ ಪ್ಲೇಟು ಅದು. ಮೂವತ್ತು ಮಿಲಿಮೀಟರ್ ದಪ್ಪ. ಎರಕದಲ್ಲಿ ತಪ್ಪಿಹೋಗಿದ್ದ ಒಂದೇ ತೂತನ್ನು ಕೊರೆಯಬೇಕಿತ್ತು. ಮೂರಕ್ಕೆ ಲಾರಿ. ಹೋದ ತಿಂಗಳು ಬಿಟ್ ಒಳಗೇ ಮುರಿದು ಮಾಲು ಗುಜರಿಗೆ ಹೋದಾಗ ಶೇಠರು ಕೂಗಾಡಿರಲಿಲ್ಲ. “ಇನ್ನೊಂದು ಕೆಟ್ರೆ ನೀನು ಪ್ಯಾಕಿಂಗಿಗೆ” ಎಂದಿದ್ದರು, ಅಷ್ಟೇ. ಮೂವತ್ತೊಂದು ವರ್ಷ ಒಂದೇ ಯಂತ್ರದ ಮುಂದೆ ನಿಂತವನಿಗೆ ಅಷ್ಟು ಸಾಕಾಗಿತ್ತು.

ಎಂದಿನಂತೆ ಮೊದಲು ಅರದಿಂದ ಉಜ್ಜಿ ನೋಡಿದ್ದ. ಅರ ಜಾರಿದರೆ ಲೋಹ ಗಡಸು. ಕಚ್ಚಿದರೆ ಮೆದು, ಸಾಮಾನ್ಯ ಕಪ್ಪು ಬಿಟ್ ಸಾಕು. ಅರ ಕಚ್ಚಿತ್ತು. ಕಪ್ಪು ಬಿಟ್ ಸಿಕ್ಕಿಸಿ, ಹೋದ ತಿಂಗಳ ಅಂಜಿಕೆಯಿಂದ ಹಗುರವಾಗಿ ಒತ್ತಿದ್ದ. ನಾಲ್ಕು ಮಿಲಿಮೀಟರ್ ಇಳಿದು ಬಿಟ್ ಕಿರುಚಿ ನಿಂತಿತು. ತೂತಿನ ತಳ ಕನ್ನಡಿಯಂತೆ ಹೊಳೆಯುತ್ತಿತ್ತು.

ಪಕ್ಕದ ಲೇಥಿನ ಕಾಸಮ್‌ಭಾಯಿ ಊಟದ ಡಬ್ಬಿ ಮುಚ್ಚಿ ಎದ್ದುಬಂದ. ಕಬ್ಬಿಣದ ಚೂರು ಆಯುವ ಅಯಸ್ಕಾಂತವನ್ನು ಪ್ಲೇಟಿನ ಮೇಲಿಟ್ಟು ಬೆರಳಿನಿಂದ ತಳ್ಳಿದ. ಅದು ಜಾರಿ ನೆಲಕ್ಕೆ ಬಿತ್ತು.

“ಅಂಟಲ್ಲ ನೋಡು. ಮ್ಯಾಂಗನೀಸ್ ಉಕ್ಕು. ಇದನ್ನ ಮೆತ್ತಗೆ ಉಜ್ಜಿದಷ್ಟೂ ಗಟ್ಟಿಯಾಗುತ್ತೆ. ನೀನು ಹೊಸ ಅಳಿಯನ ಥರ ನಾಚ್ಕೊಂಡು ಒತ್ತಿದೀಯ.”

“ಅರ ಕಚ್ತಲ್ಲ, ಕಾಸಮ್‌ಭಾಯಿ.”

“ಕಚ್ಚುತ್ತೆ. ಬಿಟ್ ಉಜ್ಜೋವರೆಗೂ ಇದು ಸಾಧು. ಇದಕ್ಕೆ ಕೋಬಾಲ್ಟ್ ಬಿಟ್ ಬೇಕು.”

“ಹೀರ್‌ಜಿಯ ಅಂಗಡಿಯಿಂದ ತರ್ಲಾ?”

“ಅವನ ಗೊರಕೆ ಇಲ್ಲಿಗೇ ಕೇಳಿಸ್ತಿದೆ. ಬೀದಿ ಹೊತ್ತಿ ಉರಿದ್ರೂ ನಾಲ್ಕಕ್ಕೇ ಏಳೋದು.”

ಕಾಸಮ್ ತನ್ನ ಪೆಟ್ಟಿಗೆಯಿಂದ ಬಟ್ಟೆಯಲ್ಲಿ ಸುತ್ತಿದ ಬಿಟ್ ಒಂದನ್ನು ತಂದ. ಹೊನ್ನಬಣ್ಣ, ಮೊನೆ ತುಸು ಚಪ್ಪಟೆ. “ಇರೋದು ಇದೊಂದೇ. ಒಳಗೆ ಮುರಿದ್ರೆ ನಿನ್ನ ಜೊತೆ ನಾನೂ ಅಳಬೇಕು.”

ಹೊಳಪೇರಿ ಗಟ್ಟಿಯಾದ ತಳಕ್ಕೆ ನೇರ ಕೈಹಾಕುವಂತಿರಲಿಲ್ಲ. ಪ್ಲೇಟನ್ನು ಮಗುಚಿದರು. ಮಾವ್‌ಜಿ ಎರಡು ಅಂಚುಗಳಿಂದ ಎರಡೆರಡು ಸಲ ಅಳೆದು ಗುರುತು ಹಾಕಿದ. ಬೆಲ್ಟನ್ನು ನಿಮಿಷಕ್ಕೆ ಆರುನೂರ ಅರವತ್ತು ಸುತ್ತಿನ ಗಾಲಿಯಿಂದ ನೂರ ನಲವತ್ತಕ್ಕೆ ಇಳಿಸಿದ. ಕೊರೆಯಬೇಕಾದದ್ದು ಇಪ್ಪತ್ತಾರು ಮಿಲಿಮೀಟರ್. ನಿಮಿಷಕ್ಕೆ ಇಪ್ಪತ್ತರಂತೆ ಎಪ್ಪತ್ತೆಂಟು ಸೆಕೆಂಡು. ನಡುವೆ ನಿಲ್ಲಿಸಿದರೆ ಅಲ್ಲಿಯೇ ಇನ್ನೊಂದು ಕನ್ನಡಿ.

ಮೈಭಾರವನ್ನೆಲ್ಲ ಯಂತ್ರದ ಹಿಡಿಯ ಮೇಲೆ ಹಾಕಿದ. ಕಾಸಮ್ ಎಣ್ಣೆ ಸುರಿಯುತ್ತ ಗಡಿಯಾರ ನೋಡಿ ಎಣಿಸಿದ. ದಪ್ಪ ಸುರುಳಿಗಳು ಹೊರಬಂದವು. ನಲವತ್ತು. ಅರವತ್ತು. ಎಪ್ಪತ್ತು.

ಬಿಟ್ ಇನ್ನೇನು ಆಚೆ ಬರುತ್ತದೆ ಎನ್ನುವಾಗ ಕೈ ತಾನಾಗಿ ಹಗುರಾಗುತ್ತದೆ. ಮೂವತ್ತೊಂದು ವರ್ಷದ ಅಭ್ಯಾಸ. ಆದರೆ ಮೊದಲ ತೂತಿನ ಆ ಗಟ್ಟಿ ಪದರ ಅಲ್ಲಿಯೇ ಕಾದಿತ್ತು. ಕೈ ಸಡಿಲುತ್ತಿರುವುದು ಅವನಿಗೇ ತಿಳಿಯಿತು.

“ಬಿಡಬೇಡ” ಎಂದ ಕಾಸಮ್, ಮೆಲ್ಲಗೆ.

ಮಾವ್‌ಜಿ ಎರಡನೆಯ ಕೈಯನ್ನೂ ಹಿಡಿಗೆ ಹಾಕಿದ. ಬಿಟ್ ಒಮ್ಮೆ ನರಳಿತು. ಪ್ಲೇಟು ಅದುರಿತು. ಆಮೇಲೆ ಹಿಡಿ ತಡೆಯಿಲ್ಲದೆ ಕೆಳಕ್ಕಿಳಿಯಿತು. ತೂತಿನೊಳಗಿಂದ ಎಣ್ಣೆ ಆಚೆ ಸುರಿಯಿತು.

ಕಾಸಮ್ ಬಿಟ್ಟನ್ನು ಬೆಳಕಿಗೆ ಹಿಡಿದ. “ಮೊನೆಯ ಮೂಲೆ ಹಾರಿದೆ.”

“ನಾಲ್ಕಕ್ಕೆ ಹೊಸದು ತಂದ್ಕೊಡ್ತೀನಿ.”

“ಎರಡು ತಗೊಂಬಾ. ಒಂದು ನಿನ್ನ ಪೆಟ್ಟಿಗೇಲಿರಲಿ.”

ಮಾವ್‌ಜಿ ಬಗ್ಗಿ ಅಯಸ್ಕಾಂತವನ್ನು ಎತ್ತಿಕೊಂಡ. ಇನ್ನೊಮ್ಮೆ ಪ್ಲೇಟಿನ ಮೇಲಿಟ್ಟು ತಳ್ಳಿ ನೋಡಿದ. ಅದು ಜಾರಿತು; ಎತ್ತಿ ಅರದ ಪಕ್ಕದಲ್ಲಿಟ್ಟ.